ಹಳೆ ಬೊಲೆರೊ ಪಿಕಪ್: ಇಂಜಿನ್ ಬಿಚ್ಚಿಸಬೇಕಾ, ಬೇರೆ ಕೆಲಸ ಮೊದಲಾ?

ದುರ್ಗದ ಈರುಳ್ಳಿ
ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ ತಾಲ್ಲೂಕು. ಮನೆಯಲ್ಲಿ 2012ರ ಬೊಲೆರೊ ಪಿಕಪ್ ಇದೆ. ಹಳೆ ಡಿಐ ಇಂಜಿನ್, 2523 ಸಿಸಿ, ಟರ್ಬೊ ಇದೆ, ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಅಲ್ಲ. ಅಪ್ಪ ತೆಗೆದುಕೊಂಡ ಗಾಡಿ. ಈರುಳ್ಳಿ ದಾವಣಗೆರೆ ಎಪಿಎಂಸಿಗೆ ಹೋಗುತ್ತದೆ, ರೇಟ್ ಚೆನ್ನಾಗಿದ್ದರೆ ಯಶವಂತಪುರಕ್ಕೂ ಹೋಗುತ್ತದೆ. ಉಳಿದ ದಿನ ಗೊಬ್ಬರ, ಮೇವು, ಊರವರ ಸಾಮಾನು ಇದ್ದೇ ಇರುತ್ತದೆ.

ಈಗ ತೊಂದರೆ ಏನಂದ್ರೆ, ಲೋಡ್ ಹಾಕಿ ಏರು ಹತ್ತುವಾಗ ಎಳೆಯುವುದಿಲ್ಲ, ಹಿಂದೆ ಕಪ್ಪು ಹೊಗೆ, ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತದೆ. ಖಾಲಿ ಇದ್ದಾಗ ಏನೂ ತೊಂದರೆ ಇಲ್ಲ. ಮೆಕ್ಯಾನಿಕ್ ಒಬ್ಬರು ಕೇಳಿಸಿಕೊಂಡ ತಕ್ಷಣ "ಬೋರ್ ಹೋಗಿದೆ, ಇಂಜಿನ್ ಕೆಲಸ ಮಾಡಿಸಿ, 60,000 ಆಗುತ್ತೆ" ಅಂದರು, ಅಂದರೆ ಸಿಲಿಂಡರ್ ಒಳಗೋಡೆ ಸವೆದಿದೆ ಅಂತ. ಇದಲ್ಲದೆ ಬ್ರೇಕ್ ಸ್ವಲ್ಪ ಒಂದು ಕಡೆ ಎಳೆಯುತ್ತದೆ, ಹಿಂದಿನ ಕಮಾನು (ಲೀಫ್ ಸ್ಪ್ರಿಂಗ್) ಕೂತಿದೆ, ಲೋಡ್ ಬಾಡಿಯ ತಳ ತುಕ್ಕು ಹಿಡಿದಿದೆ, ಹೆಡ್‌ಲೈಟ್ ಮಂಕು. ಈರುಳ್ಳಿ ಕೀಳುವ ಹೊತ್ತಿಗೆ ಗಾಡಿ ರೆಡಿ ಇರಬೇಕು, ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್ ಕೂಡ ಮಾಡಿಸಬೇಕು. ಇರುವ ದುಡ್ಡಲ್ಲಿ ಎಲ್ಲವನ್ನೂ ಒಂದೇ ಸಲ ಮಾಡಿಸಲು ಆಗುವುದಿಲ್ಲ. ಯಾವುದು ಮೊದಲು?

ಹರಪನಹಳ್ಳಿ ರೋಡ್
ಮಾರಿಬಿಡಿ ಅಣ್ಣ. ಹಳೆ ಗಾಡಿಗೆ ದುಡ್ಡು ಹಾಕುತ್ತಾ ಹೋದರೆ ಮುಗಿಯುವುದೇ ಇಲ್ಲ. ಹೊಸದಕ್ಕೆ ಲೋನ್ ಸುಲಭವಾಗಿ ಸಿಗುತ್ತದೆ.

ಪಿಬಿ ರೋಡ್ ಮೆಕ್ಯಾನಿಕ್
ಲೋನ್ ಸಿಗುತ್ತದೆ, ಸರಿ. ಈರುಳ್ಳಿ ರೇಟ್ ಬಿದ್ದ ವರ್ಷ ಕಂತು ಕಟ್ಟುವವರು ಯಾರು? ಚಾಸಿಸ್ ಗಟ್ಟಿ ಇದ್ದರೆ ಈ ಡಿಐ ಗಾಡಿ ಬಿಡಬೇಡಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಕಾಟ ಇಲ್ಲ, ಹಳ್ಳಿಯಲ್ಲೇ ರಿಪೇರಿ ಆಗುತ್ತದೆ, ಪಾರ್ಟ್ಸ್ ಎಲ್ಲಾ ಕಡೆ ಸಿಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹೊಗೆಯ ಬಣ್ಣ ಮೊದಲು ನೋಡಬೇಕು. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ಅಂದರೆ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್. ಬಿಳಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ಸುಡದ ಡೀಸೆಲ್. ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಾ ರೇಡಿಯೇಟರ್ ನೀರು ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ನೀವು ಹೇಳಿದ್ದು ಕಪ್ಪು ಹೊಗೆ. ಕಪ್ಪು ಹೊಗೆಗೆ ಯಾರಾದರೂ ನೇರವಾಗಿ ಬೋರ್ ಅಂದರೆ ನಾನು ಒಪ್ಪುವುದಿಲ್ಲ.

ಇವಿಷ್ಟು ನೋಡಿ ಬಂದು ಹೇಳಿ. ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಭುಸ್ ಭುಸ್ ಅಂತ ಜೋರಾಗಿ ಬರುತ್ತದಾ, ಸುಮ್ನೆ ಸಣ್ಣದಾಗಿ ಬರುತ್ತದಾ? ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ನೀರಲ್ಲಿ ಗುಳ್ಳೆ ನಿಲ್ಲದೆ ಬರುತ್ತದಾ ನೋಡಿ. ಬಿಸಿ ಇಂಜಿನ್‌ನಲ್ಲಿ ಕ್ಯಾಪ್ ಮುಟ್ಟಲೇಬೇಡಿ, ಮುಖ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಟರ್ಬೊದಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಅಡಿಯಲ್ಲಿ ಕೈ ಆಡಿಸಿ, ಆಯಿಲ್ ಜಿಡ್ಡು ಅಥವಾ ಸೀಳು ಇದೆಯಾ? ಏರ್ ಫಿಲ್ಟರ್ ಹೊರಗೆ ತೆಗೆದು ನೋಡಿ. ರೇಡಿಯೇಟರ್‌ಗೆ ಯಾವ ನೀರು ಹಾಕುತ್ತೀರಿ ಅನ್ನುವುದನ್ನೂ ಹೇಳಿ.

ದುರ್ಗದ ಈರುಳ್ಳಿ
ಧನ್ಯವಾದ ಸರ್. ನೋಡಿದೆ. ಆಯಿಲ್ ಮುಚ್ಚಳದಲ್ಲಿ ಸಣ್ಣ ಹೊಗೆ, ಜೋರಿಲ್ಲ. ಗುಳ್ಳೆ ಇಲ್ಲ. ಹೋಸ್ ಕೆಳಗಡೆ ಒದ್ದೆ ಒದ್ದೆ ಜಿಡ್ಡು ಇದೆ, ಕ್ಲಾಂಪ್ ಪಕ್ಕ ಸೀಳು ಬಿಟ್ಟ ಹಾಗೆ ಕಾಣುತ್ತದೆ. ಏರ್ ಫಿಲ್ಟರ್ ಕೆಂಪು ಧೂಳಿನಿಂದ ತುಂಬಿದೆ, ನಮ್ಮ ಹೊಲದ ದಾರಿ ಹಾಗೇ ಇದೆ. ಡ್ರೈವರ್ ಹಾಕುವುದು ಬೋರ್‌ವೆಲ್ ನೀರು.

ಪಿಬಿ ರೋಡ್ ಮೆಕ್ಯಾನಿಕ್
ಹಾಗಾದರೆ 60,000 ಜೇಬಲ್ಲೇ ಇರಲಿ. ಮುಚ್ಚಳದಲ್ಲಿ ಹೊಗೆ ಜೋರಿಲ್ಲ ಅಂದರೆ ರಿಂಗ್, ಬೋರ್ ಸರಿ ಇರುವ ಹಾಗಿದೆ, ಗುಳ್ಳೆ ಇಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ ಕೂಡ. ಲೋಡ್ ಇದ್ದಾಗ ಟರ್ಬೊ ಒತ್ತಡ ಕೊಡುತ್ತದೆ, ಆಗ ಆ ಸೀಳು ಬಾಯಿ ಬಿಡುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಪಂಪ್ ಮಾತ್ರ ಡೀಸೆಲ್ ಕೊಡುತ್ತಲೇ ಇರುತ್ತದೆ. ಅದಕ್ಕೇ ಕಪ್ಪು ಹೊಗೆ, ಅದಕ್ಕೇ ಎಳೆಯುವುದಿಲ್ಲ. ಖಾಲಿ ಗಾಡಿಯಲ್ಲಿ ಅಷ್ಟು ಒತ್ತಡ ಬೇಕಾಗುವುದಿಲ್ಲ, ಆದ್ದರಿಂದ ಗೊತ್ತಾಗುವುದಿಲ್ಲ. ಹೋಸ್, ಕ್ಲಾಂಪ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹಾಕಿಸಿ. ಟ್ಯಾಪೆಟ್ (ವಾಲ್ವ್ ಗ್ಯಾಪ್) ಅಡ್ಜಸ್ಟ್ ಮಾಡಿಸಿ. ಆಮೇಲೂ ಕಪ್ಪು ಹೊಗೆ ಬಂದರೆ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚಿ ಡೀಸೆಲ್ ಪಂಪ್ ರಿಪೇರಿ ಶಾಪ್‌ನಲ್ಲಿ ಟೆಸ್ಟ್ ಮಾಡಿಸಿ, ನಾಜಲ್ ಬಿಚ್ಚಿದಾಗಲೇ ಅದೇ ಜಾಗದಲ್ಲಿ ಗೇಜ್ ಹಾಕಿ ಕಂಪ್ರೆಷನ್ ನೋಡಿಸಿ. ನಾಲ್ಕೂ ಸಿಲಿಂಡರ್ ಕಂಪನಿ ಹೇಳಿದ ಮಟ್ಟದಲ್ಲಿ, ಹತ್ತಿರ ಹತ್ತಿರ ಇದ್ದರೆ ಇಂಜಿನ್ ಇನ್ನೂ ಓಡುತ್ತದೆ. ಒಂದು ತುಂಬಾ ಕೆಳಗಿದ್ದರೆ ಆಗ ಬಿಚ್ಚುವ ಮಾತು. ಪಂಪ್‌ನ ಸೀಲ್ ಒಡೆದು ಡೀಸೆಲ್ ಜಾಸ್ತಿ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಎರಡು ದಿನ ಗಾಡಿ ಎಳೆಯುತ್ತದೆ, ಆಮೇಲೆ ಪಿಸ್ಟನ್ ಸುಡುತ್ತದೆ.

ಹೀಟ್ ವಿಷಯ ಬೇರೆ. ನಮ್ಮ ಬಯಲುಸೀಮೆಯ ಬೋರ್ ನೀರು ಗಡಸು. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರ್ ಕೊಳವೆಯಲ್ಲೂ ಇಂಜಿನ್ ಬ್ಲಾಕಿನ ಒಳಗೂ ಹಾಗೇ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ರೇಡಿಯೇಟರ್ ಇಳಿಸಿ, ಮೇಲಿನ ಟ್ಯಾಂಕ್ ಬಿಚ್ಚಿಸಿ ಕೋರ್ ಕ್ಲೀನ್ ಮಾಡಿಸಿ. ಹೊರಗಿನಿಂದ ನೀರು ಹೊಡೆದರೆ ಸಾಲದು. ಕೋರ್ ಕೊಳೆತಿದ್ದರೆ ಹೊಸ ಕೋರ್. ಕ್ಯಾಪ್ ಹೊಸದು ಹಾಕಿ, ಕ್ಯಾಪ್ ಒತ್ತಡ ಹಿಡಿದರೆ ಮಾತ್ರ ನೀರು ಕುದಿಯುವ ಮಟ್ಟ ಮೇಲೆ ಇರುತ್ತದೆ. ಫ್ಯಾನ್ ಬೆಲ್ಟ್ ಟೈಟ್ ನೋಡಿ. ವಾಟರ್ ಪಂಪ್ ಕೆಳಗೆ ಸಣ್ಣ ತೂತು ಇರುತ್ತದೆ, ಅಲ್ಲಿಂದ ನೀರು ತೊಟ್ಟಿಕ್ಕಿದರೆ ಪಂಪ್ ಸೀಲ್ ಹೋಗಿದೆ. ಕೊನೆಗೆ ಕೂಲಂಟ್ ಹಾಕಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ, ಇಲ್ಲವಾದರೆ ರೆಡಿ ಮಿಕ್ಸ್. ಇನ್ನು ಮೇಲೆ ಬೋರ್ ನೀರು ಬೇಡವೇ ಬೇಡ. ದಾರಿಯಲ್ಲಿ ತುರ್ತಾದರೆ ಕುಡಿಯುವ ನೀರಿನ ಬಾಟಲಿ ಹಾಕಿ.

ಜಗಳೂರು ಡ್ರೈವರ್
ಥರ್ಮೋಸ್ಟಾಟ್ ತೆಗೆದು ಬಿಸಾಡಿ ಅಣ್ಣ. ನಮ್ಮ ಕಡೆ ಬಿಸಿಲಿಗೆ ಅದು ಬೇಕಾಗಿಲ್ಲ. ನಮ್ಮ ಎಲ್ಲಾ ಗಾಡಿಯಲ್ಲೂ ತೆಗೆದಿದ್ದೇವೆ.

ಪಿಬಿ ರೋಡ್ ಮೆಕ್ಯಾನಿಕ್
ಬೇಡ ತಮ್ಮ. ಇದು ಎಲ್ಲಾ ಗ್ಯಾರೇಜಿನಲ್ಲೂ ನಡೆಯುತ್ತದೆ, ಆದರೆ ತಪ್ಪು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು. ತಣ್ಣಗಿರುವ ಇಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸುಡದ ಡೀಸೆಲ್ ಆಯಿಲಿಗೆ ಇಳಿಯುತ್ತದೆ, ರಿಂಗ್ ಬೇಗ ಸವೆಯುತ್ತದೆ. ಇನ್ನೊಂದು, ಕೆಲವು ಇಂಜಿನ್‌ನಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ಅರ್ಧ ನೀರು ರೇಡಿಯೇಟರ್ ಕಡೆ ಹೋಗದೆ ಇಂಜಿನ್‌ನಲ್ಲೇ ಸುತ್ತುತ್ತದೆ, ಏರಿನಲ್ಲಿ ಹೀಟ್ ಇನ್ನೂ ಜಾಸ್ತಿಯಾಗುತ್ತದೆ. ಕೆಟ್ಟಿದೆ ಅನ್ನಿಸಿದರೆ ಪಾತ್ರೆಯ ನೀರಲ್ಲಿ ಹಾಕಿ ಒಲೆಯ ಮೇಲೆ ಕಾಯಿಸಿ ನೋಡಿ. ನೀರು ಕುದಿಯುವ ಮೊದಲೇ ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ, ದೊಡ್ಡ ಖರ್ಚೇನಲ್ಲ.

ಮಲೇಬೆನ್ನೂರು ತರಕಾರಿ
ನಾನು ಗಾಡಿ ಓಡಿಸುವುದಿಲ್ಲ, ಆದರೆ ಎರಡು ಪಿಕಪ್ ಇಟ್ಟುಕೊಂಡು ತರಕಾರಿ ವ್ಯಾಪಾರ ಮಾಡುತ್ತೇನೆ. ಎಲ್ಲರೂ ಇಂಜಿನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಅವರು ಬ್ರೇಕ್ ಒಂದು ಕಡೆ ಎಳೆಯುತ್ತದೆ ಅಂದಿದ್ದಾರೆ. ಅದು ಮೊದಲು ಆಗಬೇಕು ಅಲ್ವಾ? ಇಂಜಿನ್ ನಿಂತರೆ ಗಾಡಿ ರಸ್ತೆ ಪಕ್ಕ ನಿಲ್ಲುತ್ತದೆ ಅಷ್ಟೇ. ಬ್ರೇಕ್ ಹೋದರೆ ಡ್ರೈವರ್ ಹುಡುಗನ ಮನೆಯವರಿಗೆ ನಾವು ಏನು ಹೇಳುವುದು? ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಲೋಡ್ ಹಾಕಿಕೊಂಡು ಹೋಗುವ ಗಾಡಿ ಇದು. ನನ್ನ ಗಾಡಿಗಳಿಗೆ ನಾನು ಹೇಳಿರುವುದು ಇದೊಂದೇ. ಬ್ರೇಕ್, ಸ್ಟೀರಿಂಗ್, ಟೈರ್, ಲೈಟ್ ಸರಿ ಇಲ್ಲದೆ ಮಾರ್ಕೆಟ್ಟಿಗೆ ಹೋಗಕೂಡದು.

ದುರ್ಗದ ಈರುಳ್ಳಿ
ನೀವು ಹೇಳಿದ್ದು ಸರಿ ಅಕ್ಕ. ಬ್ರೇಕ್ ಕೆಲಸ ಮೊದಲು ಮಾಡಿಸುತ್ತೇನೆ. ಏನೇನು ನೋಡಿಸಬೇಕು ಯಾರಾದರೂ ಹೇಳಿ.

ಹರಿಹರ ಲೇತ್
ನಾಲ್ಕೂ ಚಕ್ರ ಬಿಚ್ಚಿಸಿ. ಅರ್ಧ ಕೆಲಸ ಮಾಡಿಸಬೇಡಿ. ಮುಂದೆ ಡಿಸ್ಕ್, ಕ್ಯಾಲಿಪರ್ ಪಿನ್ ಜಾಮ್ ಆಗಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಹಿಂದೆ ಡ್ರಮ್, ಅಲ್ಲಿ ವೀಲ್ ಸಿಲಿಂಡರ್ ಲೀಕ್ ಇದೆಯಾ, ಆಕ್ಸಲ್ ಸೀಲ್ ಹೋಗಿ ಹಿಂದಿನ ಆಕ್ಸಲ್ ಹೌಸಿಂಗ್‌ನ ಆಯಿಲ್ ಬ್ರೇಕ್ ಲೈನರ್ ಮೇಲೆ ಬಿದ್ದಿದೆಯಾ ನೋಡಿ. ಆಯಿಲ್ ಕುಡಿದ ಲೈನರ್ ತೊಳೆದು ಮತ್ತೆ ಹಾಕಬೇಡಿ, ಬದಲಿಸಿ. ಎಡಕ್ಕೆ ಬದಲಿಸಿದರೆ ಬಲಕ್ಕೂ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ರಬ್ಬರ್ ಬ್ರೇಕ್ ಹೋಸ್ ಬಗ್ಗಿಸಿದಾಗ ಬಿರುಕು ಕಂಡರೆ ಅದೂ ಹೊಸದು. ಪೆಡಲ್ ಗಟ್ಟಿಯಾಗಿದ್ದು ಬ್ರೇಕ್ ಕಮ್ಮಿ ಹಿಡಿಯುತ್ತಿದ್ದರೆ ಬೂಸ್ಟರ್ ಮತ್ತು ವ್ಯಾಕ್ಯೂಮ್ ಪಂಪ್ ನೋಡಿಸಿ. ಡೀಸೆಲ್ ಗಾಡಿಗಳಲ್ಲಿ ಆ ಪಂಪ್ ಸಾಮಾನ್ಯವಾಗಿ ಆಲ್ಟರ್ನೇಟರ್ ಹಿಂದೆಯೇ ಇರುತ್ತದೆ.

ಕಮಾನು ಕೂತಿದೆ ಅಂದಿರಿ. ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಾರೆ. ಮೊದಲು ಪ್ಲೇಟ್ ಮುರಿದಿದೆಯಾ, ಸುಮ್ನೆ ಬಾಗು ಹೋಗಿದೆಯಾ ನೋಡಿ. ಬಾಗು ಹೋಗಿದ್ದರೆ ಪ್ಲೇಟ್ ಬಿಚ್ಚಿ ಮತ್ತೆ ಬಾಗು ಕೊಡುತ್ತಾರೆ. ಬೆಂಕಿಯಲ್ಲಿ ಕಾಯಿಸಿ ಬಡಿದು ಹಾಗೇ ಬಿಟ್ಟರೆ ಬೇಗ ಮತ್ತೆ ಕೂರುತ್ತದೆ, ಹದ ಹಾಕುವುದು ಗೊತ್ತಿರುವವರ ಹತ್ತಿರ ಹೋಗಿ. ಬುಶ್, ಶ್ಯಾಕಲ್ ಪಿನ್ ಹೊಸದು. ಯು ಬೋಲ್ಟ್ ಹಳೆಯದನ್ನು ಮತ್ತೆ ಹಾಕಬೇಡಿ, ಒಮ್ಮೆ ಎಳೆದ ಬೋಲ್ಟ್ ಹಿಡಿತ ಕೊಡುವುದಿಲ್ಲ. ಹೊಸದು ಹಾಕಿ ಒಂದೆರಡು ಲೋಡ್ ಹೊಡೆದ ಮೇಲೆ ಮತ್ತೆ ಟೈಟ್ ಮಾಡಿಸಬೇಕು. ಇದನ್ನು ಮರೆತರೆ ಪ್ಲೇಟ್ ನಡುವಿನ ಸೆಂಟರ್ ಬೋಲ್ಟ್ ಕಟ್ ಆಗಿ ಹಿಂದಿನ ಆಕ್ಸಲ್ ಜರುಗುತ್ತದೆ.

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ಗೆ ಒಂದು ಕಡ್ಡಿ ಇರುತ್ತದೆ, ಅದರ ತುದಿಯಲ್ಲಿ ಬ್ರೇಕ್ ವಾಲ್ವ್. ಲೋಡ್ ಹಾಕಿದಾಗ ಬಾಡಿ ಕೆಳಗೆ ಇಳಿಯುತ್ತದೆ, ಕಡ್ಡಿ ತಿರುಗುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಎಕ್ಸ್‌ಟ್ರಾ ಪ್ಲೇಟ್ ಹಾಕಿದರೆ ಬಾಡಿ ಇಳಿಯುವುದೇ ಇಲ್ಲ. ವಾಲ್ವ್ ಗಾಡಿ ಖಾಲಿ ಇದೆ ಅಂತ ತಿಳಿದು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತದೆ. ತುಂಬಿದ ಗಾಡಿ, ಬ್ರೇಕ್ ಮಾತ್ರ ಖಾಲಿ ಗಾಡಿಯದ್ದು. ನಿಮ್ಮದರಲ್ಲಿ ಆ ಕಡ್ಡಿ ಇದ್ದರೆ ಕಮಾನು ಕೆಲಸ ಆದ ಮೇಲೆ ಅದನ್ನು ಸೆಟ್ ಮಾಡಿಸಲೇಬೇಕು.

ಹರಪನಹಳ್ಳಿ ರೋಡ್
ಎರಡು ಪ್ಲೇಟ್ ಜಾಸ್ತಿ ಹಾಕಿಸಿ, ದೊಡ್ಡ ಟೈರ್ ಹಾಕಿ, ಎರಡು ಟನ್ ಆರಾಮಾಗಿ ಹೊಡೆಯಬಹುದು. ಎಲ್ಲರೂ ಮಾಡುತ್ತಾರೆ.

ಹರಿಹರ ಲೇತ್
ಕಮಾನು ಗಟ್ಟಿಯಾದರೆ ಚಾಸಿಸ್ ಗಟ್ಟಿಯಾಗುವುದಿಲ್ಲ ಅಣ್ಣ. ಪ್ಲೇಟ್ ಬಾಗದಿದ್ದರೆ ಗುಂಡಿಯ ಹೊಡೆತ ನೇರ ಚಾಸಿಸ್‌ಗೆ ಬೀಳುತ್ತದೆ. ಕಮಾನು ಹ್ಯಾಂಗರ್ ಹತ್ತಿರ ಬಿರುಕು ಬಿಟ್ಟ ಚಾಸಿಸ್ ನನ್ನ ಹತ್ತಿರ ಬರುತ್ತಲೇ ಇರುತ್ತದೆ. ಹೌಸಿಂಗ್, ಹಬ್ ಬೇರಿಂಗ್, ಕ್ಲಚ್ ಎಲ್ಲದಕ್ಕೂ ಅದೇ ಗತಿ. ದೊಡ್ಡ ಟೈರ್ ಹಾಕಿದರೆ ಏರಿನಲ್ಲಿ ಇನ್ನೂ ಎಳೆಯುವುದಿಲ್ಲ.

ಹಿರಿಯೂರು ವಕೀಲ
ಕಾಯ್ದೆಯ ಮಾತು ನಾನು ಹೇಳುತ್ತೇನೆ. ಎಷ್ಟು ಪ್ಲೇಟ್ ಹಾಕಿದರೂ ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ಲೆಕ್ಕ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ 2019ರಲ್ಲಿ ತಿದ್ದುಪಡಿ ಆಗಿದೆ. ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಜಾಸ್ತಿ ಇರುವ ಮಾಲು ಇಳಿಸುವ ಖರ್ಚೂ ನಿಮ್ಮದೇ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವ ವಿಷಯಗಳಲ್ಲಿ ಇದೂ ಒಂದು. ಇನ್ನು 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಮುಂದೆ ಯಾವಾಗಲಾದರೂ ಬೇರೆ ಇಂಜಿನ್ ಕೂರಿಸುವ ಯೋಚನೆ ಬಂದರೆ ಬಿಲ್ಲು, ಇಂಜಿನ್ ನಂಬರ್ ಹಿಡಿದುಕೊಂಡು ಮೊದಲು ಆರ್‌ಟಿಒ ಆಫೀಸಿಗೆ ಹೋಗಿ, ಆಮೇಲೆ ಗ್ಯಾರೇಜಿಗೆ. ಗುಜರಿಯಲ್ಲಿ ಬಿಲ್ ಇಲ್ಲದ ಇಂಜಿನ್ ಕಮ್ಮಿಗೆ ಸಿಕ್ಕಿತು ಅಂತ ತಂದು ಕೂರಿಸಿದರೆ ಅದು ಯಾರ ಗಾಡಿಯದ್ದು ಅನ್ನುವ ಪ್ರಶ್ನೆಗೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಜಗಳೂರು ಡ್ರೈವರ್
ಗುಜರಿಯಿಂದ ಏನೂ ತರಬಾರದಾ ಹಾಗಾದರೆ? ನಮ್ಮಂಥವರಿಗೆ ಎಲ್ಲಾ ಹೊಸದು ಆಗುವುದಿಲ್ಲ.

ಪಿಬಿ ರೋಡ್ ಮೆಕ್ಯಾನಿಕ್
ತರಬಹುದು ತಮ್ಮ. ಬಾಗಿಲು, ಬಾನೆಟ್, ಸೀಟ್ ಫ್ರೇಮ್, ಡ್ಯಾಶ್, ಕಿಟಕಿ ಗಾಜು, ವೀಲ್ ಡಿಸ್ಕ್ ಇವೆಲ್ಲಾ ಹಳೆಯದು ನಡೆಯುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅದೇ ಮಾಡೆಲಿನ ಸ್ಟೀರಿಂಗ್ ಬಾಕ್ಸ್, ಪಂಪ್, ಬ್ರಾಕೆಟ್, ಪುಲ್ಲಿ ಪೂರ್ತಿ ಸೆಟ್ ಸಿಕ್ಕರೆ ಅದೂ ಒಳ್ಳೆಯದು, ಆದರೆ ಬಾಕ್ಸಿನಲ್ಲಿ ಆಟ ಇದೆಯಾ ಅಲ್ಲೇ ತಿರುಗಿಸಿ ನೋಡಬೇಕು. ಬ್ರೇಕ್ ಪಾರ್ಟ್ಸ್, ಬಾಲ್ ಜಾಯಿಂಟ್, ರಬ್ಬರ್ ಹೋಸ್, ಬೇರಿಂಗ್, ಕ್ಲಚ್ ಪ್ಲೇಟ್ ಮಾತ್ರ ಯಾವತ್ತೂ ಹಳೆಯದು ಬೇಡ.

ದುರ್ಗದ ಈರುಳ್ಳಿ
ಅಪ್‌ಡೇಟ್ ಕೊಡುತ್ತೇನೆ. ಬ್ರೇಕ್ ಕೆಲಸ ಮುಗಿಯಿತು. ಎಡಗಡೆ ಮುಂದಿನ ಕ್ಯಾಲಿಪರ್ ಪಿನ್ ಜಾಮ್ ಆಗಿತ್ತು, ಹಿಂದೆ ಬಲಗಡೆ ಆಕ್ಸಲ್ ಸೀಲ್ ಹೋಗಿ ಲೈನರ್ ಪೂರ್ತಿ ಎಣ್ಣೆ. ಎರಡೂ ಕಡೆ ಲೈನರ್, ಸೀಲ್, ವೀಲ್ ಸಿಲಿಂಡರ್ ಕಿಟ್ ಹಾಕಿಸಿದೆ. ಈಗ ನೇರವಾಗಿ ನಿಲ್ಲುತ್ತದೆ.

ರೇಡಿಯೇಟರ್ ಬಿಚ್ಚಿದಾಗ ನಾನೂ ಅಲ್ಲೇ ಇದ್ದೆ. ಕೊಳವೆಗಳಲ್ಲಿ ಅರ್ಧಕ್ಕೂ ಜಾಸ್ತಿ ಕಟ್ಟಿಕೊಂಡಿತ್ತು, ಸುಣ್ಣದ ಹಾಗೆ ಬಿಳಿ. ಹೊಸ ಕೋರ್ ಹಾಕಿಸಿದೆ, ಬ್ಲಾಕ್ ಕೂಡ ಫ್ಲಶ್ ಮಾಡಿದರು. ಥರ್ಮೋಸ್ಟಾಟ್ ಇದ್ದ ಜಾಗದಲ್ಲಿ ಏನೂ ಇರಲಿಲ್ಲ, ಯಾವಾಗಲೋ ಯಾರೋ ತೆಗೆದಿದ್ದಾರೆ. ಹೊಸದು ಹಾಕಿಸಿದೆ. ಟರ್ಬೊ ಹೋಸ್, ಫಿಲ್ಟರ್, ಬೆಲ್ಟ್ ಎಲ್ಲಾ ಹೊಸದು. ಲೋಡ್ ಹಾಕಿ ಹೆದ್ದಾರಿಯ ಏರು ಹತ್ತಿಸಿ ನೋಡಿದೆವು. ಮುಳ್ಳು ಅರ್ಧದ ಮೇಲೆ ಹೋಗಲಿಲ್ಲ, ಮೂರನೇ ಗೇರಿನಲ್ಲಿ ಎಳೆಯಿತು, ಹೊಗೆ ಬಹಳ ಕಮ್ಮಿ. ಅಪ್ಪನಿಗೆ ಆದ ಖುಷಿ ಹೇಳಲು ಆಗುವುದಿಲ್ಲ. ಇಂಜಿನ್ ಬಿಚ್ಚಿಲ್ಲ.

ಮಲೇಬೆನ್ನೂರು ತರಕಾರಿ
ತುಂಬಾ ಸಂತೋಷ ಆಯಿತು ತಮ್ಮ.

ಚಳ್ಳಕೆರೆ ಎಲೆಕ್ಟ್ರಿಷಿಯನ್
ಹೆಡ್‌ಲೈಟ್ ಮಂಕು ಅಂದಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಜನ ನೇರ ಎಲ್‌ಇಡಿ ಬಲ್ಬ್ ಹಾಕುತ್ತಾರೆ. ನಿಮ್ಮ ಲೈಟಿನ ಗೂಡು ಮಾಮೂಲಿ ಬಲ್ಬಿಗೆ ಮಾಡಿದ್ದು. ಎಲ್‌ಇಡಿ ಹಾಕಿದರೆ ಬೆಳಕು ರಸ್ತೆಗೆ ಬೀಳದೆ ಎದುರು ಬರುವವರ ಕಣ್ಣಿಗೆ ಬೀಳುತ್ತದೆ. 100 ವಾಟ್ ಬಲ್ಬ್ ಹಾಕಿದರೆ ಸ್ವಿಚ್, ವೈರ್ ಕರಗುತ್ತದೆ. ಹಳೆ ಗಾಡಿಯಲ್ಲಿ ನಿಜವಾದ ತೊಂದರೆ ವೋಲ್ಟೇಜ್ ದಾರಿಯಲ್ಲೇ ಇಳಿದುಹೋಗುವುದು. ಇಂಜಿನ್ ಸ್ಟಾರ್ಟ್ ಇರುವಾಗ ಬ್ಯಾಟರಿ ಹತ್ತಿರ ಮೀಟರ್ ಇಡಿ, 14 ವೋಲ್ಟ್ ಆಸುಪಾಸು ತೋರಿಸಬೇಕು. ಆಮೇಲೆ ಹೆಡ್‌ಲೈಟ್ ಸಾಕೆಟ್‌ನಲ್ಲಿ ನೋಡಿ. ಅಲ್ಲಿ ಎರಡು ವೋಲ್ಟ್ ಕಮ್ಮಿ ಇದ್ದರೆ ಬಲ್ಬಿನದು ತಪ್ಪಲ್ಲ. ಬ್ಯಾಟರಿಯಿಂದ ದಪ್ಪ ವೈರ್, ಫ್ಯೂಸ್, ಎರಡು ರಿಲೇ ಹಾಕಿಸಿ. ಹಳೆ ಸ್ವಿಚ್ ರಿಲೇಯನ್ನು ಆನ್ ಮಾಡುತ್ತದೆ ಅಷ್ಟೇ, ಲೈಟಿನ ಕರೆಂಟ್ ಸ್ವಿಚ್ ಮೇಲೆ ಬರುವುದಿಲ್ಲ. ಅರ್ತ್ ಜಾಗ ಉಜ್ಜಿ ತುಕ್ಕು ತೆಗೆದು ಬಿಗಿ ಮಾಡಿ. ಇಂಜಿನ್‌ನಿಂದ ಚಾಸಿಸ್‌ಗೆ ಹೋಗುವ ಅರ್ತ್ ಪಟ್ಟಿಯನ್ನೂ ಬದಲಿಸಿ, ಸೆಲ್ಫ್ ಕೂಡ ಚುರುಕಾಗುತ್ತದೆ. ಬಲ್ಬ್ ಮಾಮೂಲಿ 60/55 ವಾಟ್ ಸಾಕು. ಗೂಡಿನ ಒಳಗಿನ ಹೊಳಪು ಹೋಗಿದ್ದರೆ ಗೂಡೇ ಬದಲಿಸಿ.

ದುರ್ಗದ ಈರುಳ್ಳಿ
ಇದು ಗೊತ್ತೇ ಇರಲಿಲ್ಲ, ಮಾಡಿಸುತ್ತೇನೆ ಅಣ್ಣ. ಬಾಡಿಯ ತಳಕ್ಕೆ ಚೆಕ್ಕರ್ ಪ್ಲೇಟ್ ಹಾಕಿಸೋಣ ಅಂತ ಇದ್ದೇನೆ, 3 ಎಂಎಂ. ಸರಿನಾ?

ಹರಿಹರ ಲೇತ್
ಲೆಕ್ಕ ಹಾಕಿ ನೋಡಿ. 3 ಎಂಎಂ ಉಕ್ಕಿನ ಶೀಟ್ ಚದರ ಮೀಟರಿಗೆ 24 ಕೆಜಿ ಹತ್ತಿರ ಬರುತ್ತದೆ. ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲ ಅಂದರೆ 100 ಕೆಜಿ ಮೇಲೆ. ಅಂದರೆ ಎರಡು ಮೂಟೆ ಈರುಳ್ಳಿ ಯಾವಾಗಲೂ ಸುಮ್ನೆ ಹೊತ್ತುಕೊಂಡು ಓಡಾಡಿದ ಹಾಗೆ. ಕೊಳೆತ ಜಾಗ ಮಾತ್ರ ಕತ್ತರಿಸಿ ತೆಳು ಶೀಟ್ ಹಾಕಿಸಿ, ಅಡಿಯ ಅಡ್ಡಪಟ್ಟಿಗಳನ್ನು ಗಟ್ಟಿ ಮಾಡಿಸಿ. ಭಾರ ಹೊರುವುದು ಅಡ್ಡಪಟ್ಟಿ. ಮಳೆಯಲ್ಲಿ ನೆನೆದ ಈರುಳ್ಳಿ, ಗೊಬ್ಬರದ ಉಪ್ಪು ಇವೇ ತಳ ತಿನ್ನುವುದು, ಆದ್ದರಿಂದ ನೀರು ಹೋಗಲು ಮೂಲೆಯಲ್ಲಿ ತೂತು ಬಿಡಿಸಿ. ಗೊಬ್ಬರ ಹೊಡೆದ ದಿನವೇ ತೊಳೆಯಿರಿ. ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ, ಡೀಸೆಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪ್ ಹತ್ತಿರ ಕಿಡಿ ಬೀಳದ ಹಾಗೆ ನೋಡಿಕೊಳ್ಳಿ. ಚಾಸಿಸ್ ಮೇಲಿನ ಅಂಚಿಗೆ ಮಾತ್ರ ಅಡ್ಡ ವೆಲ್ಡಿಂಗ್ ಬೇಡ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಹಿರಿಯೂರು ವಕೀಲ
ಫಿಟ್‌ನೆಸ್ ಬಗ್ಗೆ: ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಗಾಡಿ ಹಳೆಯದಾದಷ್ಟೂ ಶುಲ್ಕ ಜಾಸ್ತಿ, ಆದ್ದರಿಂದ ಈಗಿನ ಶುಲ್ಕ ಎಷ್ಟು ಅಂತ ಪರಿವಾಹನ್ ಸೈಟಿನಲ್ಲೇ ನೋಡಿ, ಏಜೆಂಟ್ ಹೇಳಿದ್ದನ್ನು ನಂಬಬೇಡಿ. ರಿಫ್ಲೆಕ್ಟರ್ ಟೇಪ್ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಬಾಡಿ ಪೇಂಟ್ ಆದ ಮೇಲೆ ಅಂಟಿಸಿ, ಮೊದಲೇ ಅಂಟಿಸಿದರೆ ವ್ಯರ್ಥ.

ಜಗಳೂರು ಡ್ರೈವರ್
ಟೈರ್ ತೆಗೆದುಕೊಳ್ಳುವಾಗ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ ಅಣ್ಣ. 2319 ಅಂತ ಇದ್ದರೆ 2019ರ 23ನೇ ವಾರ ಮಾಡಿದ್ದು ಅಂತ ಅರ್ಥ. ಹಳೆ ಸ್ಟಾಕ್ ಕೊಡುತ್ತಾರೆ. ಅಂದಹಾಗೆ ನಮ್ಮ ಗಾಡಿಗೂ ಥರ್ಮೋಸ್ಟಾಟ್ ಹಾಕಿಸಿದೆವು. ಬೆಳಿಗ್ಗೆಯ ಬಿಳಿ ಹೊಗೆ ಬೇಗ ನಿಲ್ಲುತ್ತದೆ ಈಗ.

ದುರ್ಗದ ಈರುಳ್ಳಿ
ಫಿಟ್‌ನೆಸ್ ಆಯಿತು. ಕಮಾನು ಬಾಗು ಹಾಕಿಸಿದೆ, ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿಲ್ಲ. ಯು ಬೋಲ್ಟ್ ಎರಡನೇ ಸಲ ಟೈಟ್ ಮಾಡಿದಾಗ ನಿಜವಾಗಿಯೂ ಅರ್ಧ ಸುತ್ತು ಬಂತು. ಲೈಟಿಗೆ ರಿಲೇ ಹಾಕಿಸಿದ ಮೇಲೆ ಅದೇ ಬಲ್ಬು ಬೇರೆ ಗಾಡಿಯ ಲೈಟಿನ ಹಾಗೆ ಕಾಣುತ್ತದೆ. ಎಲ್ಲಾ ಸೇರಿ ಇಂಜಿನ್ ಕೆಲಸಕ್ಕೆ ಹೇಳಿದ್ದ ದುಡ್ಡಿಗಿಂತ ಕಮ್ಮಿಯಲ್ಲೇ ಮುಗಿಯಿತು. ಈಗ ಉಳಿದಿರುವುದು ಒಂದೇ, ಎರಡನೇ ಗೇರ್ ಹಾಕುವಾಗ ಕರ್ ಅನ್ನುತ್ತದೆ, ಬೆಳಿಗ್ಗೆ ಜಾಸ್ತಿ. ಸೀಸನ್ ಮುಗಿದ ಮೇಲೆ ಗೇರ್ ಬಾಕ್ಸ್ ಇಳಿಸಬೇಕಾ?

ಪಿಬಿ ರೋಡ್ ಮೆಕ್ಯಾನಿಕ್
ಇಳಿಸುವ ಮೊದಲು ಗೇರ್ ಆಯಿಲ್ ಡ್ರೈನ್ ಮಾಡಿ, ಕಂಪನಿ ಹೇಳಿದ ಗ್ರೇಡ್ ಹಾಕಿ ಓಡಿಸಿ ನೋಡಿ. ತುಂಬಾ ದಪ್ಪ ಆಯಿಲ್ ಹಾಕಿದ್ದರೂ ಬೆಳಿಗ್ಗೆ ಹೀಗೇ ಆಗುತ್ತದೆ. ಕ್ಲಚ್ ಪೂರ್ತಿ ಬಿಡಿಸುತ್ತಿದೆಯಾ ಅನ್ನುವುದನ್ನೂ ನೋಡಿ. ನಿಂತ ಗಾಡಿಯಲ್ಲಿ ಕ್ಲಚ್ ಒತ್ತಿ ಸ್ವಲ್ಪ ತಡೆದು ರಿವರ್ಸ್ ಹಾಕಿ. ರಿವರ್ಸ್ ಕೂಡ ಕರ್ ಅಂದರೆ ತೊಂದರೆ ಕ್ಲಚ್ಚಿನದು, ಗೇರ್ ಬಾಕ್ಸಿನದಲ್ಲ. ರಿವರ್ಸ್ ಸುಮ್ನೆ ಬಿದ್ದು ಎರಡನೇ ಗೇರ್ ಮಾತ್ರ ಕರ್ ಅಂದರೆ ಸಿಂಕ್ರೊ ರಿಂಗ್ (ಗೇರ್‌ಗಳ ವೇಗ ಹೊಂದಿಸುವ ರಿಂಗ್) ಸವೆದಿದೆ. ಅದು ಸೀಸನ್ ಮುಗಿಯುವವರೆಗೂ ಕಾಯುತ್ತದೆ, ನಿಧಾನ ಗೇರ್ ಹಾಕಲು ಡ್ರೈವರ್‌ಗೆ ಹೇಳಿ. ಆಯಿಲ್ ಡ್ರೈನ್ ಮಾಡುವಾಗ ಪ್ಲಗ್ಗಿನ ಮ್ಯಾಗ್ನೆಟ್‌ನಲ್ಲಿ ಏನು ಅಂಟಿದೆ ಅಂತ ಫೋಟೊ ಹಾಕಿ, ನೋಡಿ ಹೇಳುತ್ತೇನೆ.